ರೊಟ್ಟಿ ಬಡಿಯುವಾಗ ಮಗುವಿಗೂ ಒಂದು ಉಂಡೆ ಹಿಟ್ಟು ಕೊಡಿ

ಊಟಕ್ಕೆ ಹಟ ಮಾಡುವ ಮೂರು-ನಾಲ್ಕು ವರ್ಷದ ಮಕ್ಕಳಿದ್ದರೆ, ರೊಟ್ಟಿಗೆ ಕೂತಾಗ ಅವರನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ. ನಿಂಬೆಹಣ್ಣಿನಷ್ಟು ಜೋಳದ ಹಿಟ್ಟಿನ ಉಂಡೆ, ಬೋರಲು ಹಾಕಿದ ಸ್ಟೀಲ್ ತಟ್ಟೆ, ಒಂದು ಹಿಡಿ ಒಣಹಿಟ್ಟು ಸಾಕು. ಅವರು ಬಡಿದ ಅಂಗೈಯಗಲದ ರೊಟ್ಟಿಯನ್ನು ಕೊನೆಗೆ ಹಂಚಿನ ಮೇಲೆ ಬೇಯಿಸಿ, ಅವರ ತಾಟಿಗೇ ಹಾಕಿ. ಪುಂಡಿಪಲ್ಯ ಕಂಡರೆ ಮುಖ ತಿರುಗಿಸುವ ಕೂಸು ಕೂಡ ‘ನನ್ನ ರೊಟ್ಟಿ’ ಅಂತ ಅದಕ್ಕೆ ಅದ್ದಿ ತಿನ್ನುತ್ತದೆ, ನೋಡಲು ಬಹಳ ಖುಷಿ. ಹಿಟ್ಟನ್ನು ಮಾತ್ರ ನಾದಿದ ಕೂಡಲೇ ಕೊಡಿ, ಕೈಗೆ ಹಿತವಾಗುವಷ್ಟು ಬಿಸಿ ಆರಿರಲಿ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ಎಸರು ಬಿದ್ದಾಗ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ, ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುವುದು. ಉಂಡೆ ತಣ್ಣಗಾಗಿ ಒಣಗಿದರೆ ಅಂಚೆಲ್ಲ ಬಿರಿಯುತ್ತದೆ, ಮಗು ಬೇಸರಪಟ್ಟು ಎದ್ದು ಹೋಗುತ್ತದೆ. ಆಗ ಬೆರಳು ಬಿಸಿನೀರಿಗೆ ಅದ್ದಿ ಮತ್ತೆ ನಾದಿಕೊಡಿ. ಗಿರಣಿಯಿಂದ ತಂದು ಬಹಳ ದಿನವಾದ ಹಿಟ್ಟಾದರೆ ಈ ಉಪಾಯ ನಡೆಯುವುದೇ ಇಲ್ಲ, ದೊಡ್ಡವರ ಕೈಯಲ್ಲೇ ಅದು ಹರಿಯುತ್ತದೆ. ಕೆಲವು ಮಕ್ಕಳು ರೊಟ್ಟಿ ಬಿಟ್ಟು ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು ಮಾಡುತ್ತಾರೆ. ಮಾಡಲಿ ಬಿಡಿ, ಅದೂ ಒಳ್ಳೆಯ ಆಟವೇ. ಆದರೆ ಅಷ್ಟು ದಪ್ಪದ್ದು ಒಳಗೆ ಬೇಯುವುದಿಲ್ಲ, ತಿನ್ನಲು ಕೊಡಬೇಡಿ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಸಣ್ಣ ಕೂಸಿಗೆ ಹಸಿಹಿಟ್ಟು ಬೇಡ, ಒಲೆಯೂ ಎಲ್ಲ ಮಕ್ಕಳಿಂದ ಒಂದು ಮಾರು ದೂರವಿರಲಿ.