ಸುಳ್ಯದ ರಬ್ಬರ್ ತೋಟದಲ್ಲಿ ಓದಿದ ಒಪ್ಪಂದ

ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ (ಇಂದಿನ ಶ್ರೀಲಂಕಾ) ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ 1964ರ ಅಕ್ಟೋಬರ್ 30ರಂದು ದೆಹಲಿಯಲ್ಲಿ ಮಾಡಿಕೊಂಡ ಒಪ್ಪಂದವನ್ನು ಅಂತರರಾಷ್ಟ್ರೀಯ ಸಂಬಂಧಗಳ ಪಿಎಚ್.ಡಿ.ಗೆ ಆರಿಸಿಕೊಂಡಾಗ, ಅದು ನನಗೆ ಎರಡು ಸರ್ಕಾರಗಳ ನಡುವಿನ ಚೌಕಾಸಿಯಾಗಿ ಮಾತ್ರ ಕಂಡಿತ್ತು. ಸಿಲೋನಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದು, 1948ರ ಪೌರತ್ವ ಕಾಯ್ದೆಯಿಂದಾಗಿ ಯಾವ ದೇಶಕ್ಕೂ ಸೇರದೆ ಉಳಿದಿದ್ದ ಭಾರತ ಮೂಲದ 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತವೂ 3,00,000 ಮಂದಿಯನ್ನು ಸಿಲೋನೂ ತಮ್ಮ ಪೌರರಾಗಿ ಸ್ವೀಕರಿಸಬೇಕೆಂದು ತೀರ್ಮಾನವಾಯಿತು. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಸಮಪಾಲಾಗಿ ಹಂಚಿಕೊಂಡರು. ಚೀನಾ ಯುದ್ಧದ ಬಳಿಕ ಭಾರತಕ್ಕೆ ನೆರೆಯವರ ಸ್ನೇಹ ಎಷ್ಟು ಅಗತ್ಯವಾಗಿತ್ತೆಂಬುದು ನನ್ನ ಮೊದಲ ಕರಡಿನ ವಾದವಾಗಿತ್ತು. ಅದು ತಪ್ಪೆಂದು ಇಂದಿಗೂ ಅನ್ನಿಸುವುದಿಲ್ಲ. ಆದರೆ ಆ ಕರಡಿನಲ್ಲಿ ‘ಹಂಚಿಕೊಂಡರು’ ಎಂಬ ಪದವನ್ನು ನಾನು ಎಲ್ಲಿಯೂ ತಡೆದು ನೋಡಿರಲಿಲ್ಲ.

ದೆಹಲಿಯ ಪತ್ರಾಗಾರದಲ್ಲಿ ಐದು ವಾರ ಕುಳಿತು ಕೇಳಿದ ಕಡತಗಳಲ್ಲಿ ಹೆಚ್ಚಿನವು ಇಲಾಖೆಯಿಂದ ಅಲ್ಲಿಗೆ ಇನ್ನೂ ವರ್ಗಾವಣೆಯಾಗಿಲ್ಲ ಎಂಬ ಉತ್ತರ ಹೊತ್ತು ಚೀಟಿಗಳು ಮರಳಿದವು. ಲೋಕಸಭೆಯ ಚರ್ಚೆಗಳು ಸಿಕ್ಕವು, ಅವುಗಳಿಂದ ಎರಡು ಅಧ್ಯಾಯ ಬರೆದೆ. ತೋಟ ಕಾರ್ಮಿಕರ ನಾಯಕ ತೊಂಡಮಾನ್ ಅವರು ತಮ್ಮ ಜನರನ್ನು ಕೇಳದೆಯೇ ಮಾಡಿದ ಒಪ್ಪಂದವಿದು ಎಂದು ಆಕ್ಷೇಪಿಸಿದ್ದನ್ನು ಓದಿದ ಮೇಲೆ, ಕೇಳದೆ ಬಿಟ್ಟ ಆ ಜನರ ಬಳಿಗೆ ಹೋಗದಿರಲು ನನಗೆ ಕಾರಣ ಉಳಿಯಲಿಲ್ಲ.

ಅವರಿಗಾಗಿ ದೂರ ಹೋಗಬೇಕಿರಲಿಲ್ಲ. ನಾನು ಬೆಳೆದದ್ದು ಪುತ್ತೂರಿನ ಬಳಿ. ಒಪ್ಪಂದದಂತೆ ಸಿಲೋನಿನಿಂದ ಭಾರತಕ್ಕೆ ಮರಳಿದವರಲ್ಲಿ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು ತಾಲ್ಲೂಕುಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟು ನೆಲೆ ಕಲ್ಪಿಸಲಾಗಿತ್ತು. ‘ಸಿಲೋನಿನವರು’ ಎಂಬ ಮಾತನ್ನು ಬಾಲ್ಯದಿಂದ ಕೇಳಿದ್ದ ನಾನು, ಅದನ್ನು ನನ್ನ ಸಂಶೋಧನೆಗೆ ಜೋಡಿಸಲು ಎರಡು ವರ್ಷ ತೆಗೆದುಕೊಂಡೆ. ನಮ್ಮ ವಿಷಯದ ತರಬೇತಿ ಕಣ್ಣನ್ನು ಎತ್ತ ತಿರುಗಿಸುತ್ತದೆ ಎಂಬುದು ನನಗೆ ಗೊತ್ತಾದದ್ದು ಅಲ್ಲಿಯೇ.

ಬೆಳಕು ಹರಿಯುವ ಮುನ್ನ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಆರಂಭವಾಗುವುದರಿಂದ ಮಾತುಕತೆಗೆ ಮಧ್ಯಾಹ್ನವೇ ಸರಿಯಾದ ಹೊತ್ತು. ಮೊದಮೊದಲು ‘ಏಕೆ ಬಂದಿರಿ’ ಎಂದು ಕೇಳುತ್ತಿದ್ದೆ. ಆ ಪ್ರಶ್ನೆಯೇ ತಪ್ಪಾಗಿತ್ತು, ಏಕೆಂದರೆ ಆಯ್ಕೆ ಅವರದಾಗಿತ್ತೆಂದು ಅದು ಮೊದಲೇ ಒಪ್ಪಿಬಿಡುತ್ತದೆ. ‘ಮೊದಲು ಕೈಗೆ ಬಂದ ಕಾಗದ ಯಾವುದು’ ಎಂದು ಕೇಳತೊಡಗಿದ ಮೇಲೆ ಪೆಟ್ಟಿಗೆಗಳು ತೆರೆದವು, ಮರಳಿದ ಕುಟುಂಬಗಳಿಗೆ ಕೊಟ್ಟಿದ್ದ, ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಫ್ಯಾಮಿಲಿ ಕಾರ್ಡುಗಳು ಹೊರಬಂದವು. ಪೌರತ್ವದ ಅರ್ಜಿಯನ್ನು ಸಿಲೋನಿನ ತೋಟದ ಗುಮಾಸ್ತರೇ ತುಂಬಿದ್ದರು, ಅದರಲ್ಲಿ ಯಾವ ದೇಶ ಬರೆದಿದೆ ಎಂಬುದು ತಮಗೆ ಆಮೇಲೆ ತಿಳಿಯಿತು ಎಂದು ಹಿರಿಯ ಮಹಿಳೆಯೊಬ್ಬರು ಹೇಳಿದರು. ನನ್ನ ಪ್ರಬಂಧದ ಕೇಂದ್ರ ಅಂದೇ ಬದಲಾಯಿತು.

ಅದೇ ಮನೆಯಲ್ಲಿ ಮೊಮ್ಮಗನ ಜಾತಿ ಪ್ರಮಾಣಪತ್ರಕ್ಕಾಗಿ ಕನ್ನಡದಲ್ಲಿ ಮನವಿ ಬರೆದುಕೊಡುವಂತೆ ಕೇಳಿದರು. ಸಂಶೋಧಕರು ಅಂತರ ಕಾಯ್ದುಕೊಳ್ಳಬೇಕೆಂದು ಹಿರಿಯ ಅಧ್ಯಾಪಕರೊಬ್ಬರು ಎಚ್ಚರಿಸಿದ್ದರೂ ನಾನು ಬರೆದುಕೊಟ್ಟೆ, ಬರೆದುಕೊಟ್ಟೆನೆಂಬುದನ್ನು ವಿಧಾನದ ಅಧ್ಯಾಯದಲ್ಲಿ ದಾಖಲಿಸಿದೆ. ಪಕ್ಷವಿಲ್ಲದವನಂತೆ ತೋರಿಸಿಕೊಳ್ಳುವುದಕ್ಕಿಂತ, ನನ್ನ ನಿಲುವನ್ನು ಓದುಗರ ಮುಂದಿಟ್ಟು ನನ್ನ ಸಾಕ್ಷ್ಯಗಳನ್ನು ಅವರೇ ತೂಗಲು ಬಿಡುವುದು ಹೆಚ್ಚು ಪ್ರಾಮಾಣಿಕವೆಂಬುದು ನನ್ನ ನಂಬಿಕೆ. ಇದು ಜಿಲ್ಲಾ ಮಟ್ಟದ ಅಧ್ಯಯನ, ಅಂತರರಾಷ್ಟ್ರೀಯ ಸಂಬಂಧವಲ್ಲ ಎಂದು ಒಂದು ನಿಯತಕಾಲಿಕ ಲೇಖನವನ್ನು ತಿರಸ್ಕರಿಸಿತು. ಮತ್ತೊಂದಕ್ಕೆ ಕಳುಹಿಸುವಾಗ ಸಿದ್ಧಾಂತದ ಭಾಗವನ್ನು ಕೊನೆಗೆ ಸರಿಸಿದೆನೇ ಹೊರತು ಸುಳ್ಯವನ್ನು ಕೈಬಿಡಲಿಲ್ಲ.

ಈಗ ವರ್ಷದಿಂದ ವರ್ಷಕ್ಕೆ ನವೀಕರಣಗೊಳ್ಳುವ ಅತಿಥಿ ಉಪನ್ಯಾಸಕನ ಕೆಲಸದಲ್ಲಿ ಬಿ.ಎ. ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಪಾಠ ಮಾಡುತ್ತಿದ್ದೇನೆ. ‘ರಾಷ್ಟ್ರರಹಿತರು’ ಎಂಬ ಪುಸ್ತಕದ ಪದ ತರಗತಿಯಲ್ಲಿ ನಿಲ್ಲಲಿಲ್ಲ. ತೋಟದ ಹಿರಿಯರು ತಮಿಳಿನಲ್ಲಿ ಹೇಳುತ್ತಿದ್ದ ‘ನಾಡಟ್ರವರ್’ ಎಂಬುದರಿಂದ ‘ನಾಡಿಲ್ಲದವರು’ ಎಂಬ ಮಾತನ್ನು ಬಳಸುತ್ತಿದ್ದೇನೆ. ಶ್ರೀಲಂಕಾದಲ್ಲೇ ಉಳಿದು ಪೌರತ್ವವಿಲ್ಲದೆ ಇದ್ದವರಿಗೆ 2003ರ ಕಾಯ್ದೆ ಪೌರತ್ವ ಕೊಟ್ಟಿತು. ಅರ್ಜಿಯ ಕಥೆ ಹೇಳಿದ ಆ ಹಿರಿಯ ಮಹಿಳೆಯ ತಂಗಿ ಇರುವುದು ಅಲ್ಲಿನ ಹ್ಯಾಟನ್ ಬಳಿಯ ತೋಟವೊಂದರಲ್ಲಿ. ಬರುವ ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋಗಲು ಹಣ ಕೂಡಿಸುತ್ತಿದ್ದೇನೆ; ಅಕ್ಕ ಕೊಟ್ಟ ವಿಳಾಸ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ.