ಮಕ್ಕಳ ಆಶ್ರಮಕ್ಕೆ ಜಿಎಸ್‌ಟಿ: ಎಲ್ಲಿ ಇದೆ, ಎಲ್ಲಿ ಇಲ್ಲ

ಅನಾಥ ಮಕ್ಕಳಿಗಾಗಿ ಟ್ರಸ್ಟ್ ನಡೆಸುವವರು ನನ್ನನ್ನು ಮೊದಲು ಕೇಳುವುದು ಇದನ್ನೇ. "ನಾವು ಮಾಡ್ತಿರೋದು ಧರ್ಮದ ಕೆಲಸ, ಅಂಗಡಿಯವರು ಜಿಎಸ್‌ಟಿ ಬಿಟ್ಟು ಬಿಲ್ ಹಾಕಬೇಕು ಅಲ್ವಾ?" ಇಲ್ಲ. ಟ್ರಸ್ಟ್ ಎಂಬ ಒಂದೇ ಕಾರಣಕ್ಕೆ ಕೊಳ್ಳುವ ಸಾಮಾನಿಗೆ ತೆರಿಗೆ ಬಿಡುವುದಿಲ್ಲ. ವಿನಾಯಿತಿ ಇರುವುದು ನೀವು ಕೊಡುವ ಸೇವೆಗೆ, ಅದೂ ಎರಡು ಷರತ್ತಿನ ಮೇಲೆ.

ಆ ಷರತ್ತುಗಳು ಕೇಂದ್ರ ಸರ್ಕಾರದ 2017ರ ಜೂನ್ 28ರ 12/2017 ಜಿಎಸ್‌ಟಿ ಅಧಿಸೂಚನೆಯಲ್ಲಿವೆ. ಮೊದಲನೆಯದು, ಟ್ರಸ್ಟ್ ಆದಾಯ ತೆರಿಗೆ ಕಾಯ್ದೆಯಡಿ 12ಎಎ ಅಥವಾ 12ಎಬಿ ನೋಂದಣಿ, ಅಂದರೆ ಧರ್ಮಾರ್ಥ ಸಂಸ್ಥೆ ಎಂದು ಆದಾಯ ತೆರಿಗೆ ಇಲಾಖೆ ಕೊಡುವ ನೋಂದಣಿ, ಪಡೆದಿರಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯ ಟ್ರಸ್ಟ್ ಡೀಡ್ ಸಾಲದು. 80ಜಿ ಇದ್ದರೂ ಸಾಲದು, ಅದು ದಾನಿಗೆ ಆದಾಯ ತೆರಿಗೆ ಉಳಿಸುವ ಪತ್ರ, ಜಿಎಸ್‌ಟಿಗೂ ಅದಕ್ಕೂ ಸಂಬಂಧವಿಲ್ಲ. 12ಎಬಿಯ ತಾತ್ಕಾಲಿಕ ನೋಂದಣಿ 3 ವರ್ಷಕ್ಕೆ ಮಾತ್ರ. ನಾನು ಲೆಕ್ಕ ನೋಡಿಕೊಡುತ್ತಿದ್ದ ಒಂದು ಆಶ್ರಮದಲ್ಲಿ ಆ ದಿನಾಂಕವನ್ನು ಯಾರೂ ಗಮನಿಸಲೇ ಇಲ್ಲ, ಆಮೇಲೆ ಪಟ್ಟ ಪಾಡು ಹೇಳತೀರದು. ದಯವಿಟ್ಟು ಇವತ್ತೇ ಕಡತ ತೆಗೆದು ಅವಧಿ ನೋಡಿಕೊಳ್ಳಿ.

ಎರಡನೆಯ ಷರತ್ತಿನಲ್ಲೇ ಜಾಸ್ತಿ ಜನ ಎಡವುತ್ತಾರೆ. ಕೆಲಸವು ಅಧಿಸೂಚನೆ ಹೇಳುವ 'ಧರ್ಮಾರ್ಥ ಚಟುವಟಿಕೆ' ಆಗಿರಬೇಕು. ಮಕ್ಕಳ ವಿಷಯದಲ್ಲಿ ಅಲ್ಲಿರುವುದು ತ್ಯಜಿಸಲ್ಪಟ್ಟ, ಅನಾಥ ಅಥವಾ ಮನೆಯಿಲ್ಲದ ಮಕ್ಕಳ ಶಿಕ್ಷಣ ಮತ್ತು ಕೌಶಲ ತರಬೇತಿ. ತೀವ್ರ ಅಂಗವಿಕಲತೆ ಇರುವವರ ಆರೈಕೆಯೂ ಬೇರೆ ಸಾಲಿನಲ್ಲಿ ಸೇರಿದೆ. ಆದರೆ 'ಬಡ ಮಕ್ಕಳು' ಎಂಬ ಪದ ಅಲ್ಲಿಲ್ಲ. ಅಪ್ಪ ಅಮ್ಮನ ಜೊತೆ ಮನೆಯಲ್ಲಿರುವ ಬಡ ಮಕ್ಕಳಿಗೆ ಶುಲ್ಕ ತೆಗೆದುಕೊಂಡು ಸಂಜೆ ಟ್ಯೂಷನ್ ನಡೆಸಿದರೆ, ಅದು ಎಷ್ಟೇ ಒಳ್ಳೆಯ ಕೆಲಸವಾದರೂ, ಈ ಸಾಲಿನ ವಿನಾಯಿತಿ ಸಿಗುವುದಿಲ್ಲ. ನನಗಂತೂ ಇದು ಸರಿ ಅನ್ನಿಸುವುದಿಲ್ಲ. ಉಚಿತವಾಗಿ ನಡೆಸಿದರೆ ಚಿಂತೆಯಿಲ್ಲ. ಯಾರಿಂದಲೂ ಹಣ ಪಡೆಯದ ಪಾಠಕ್ಕೆ, ಊಟಕ್ಕೆ, ವಸತಿಗೆ ತೆರಿಗೆಯ ಮಾತೇ ಬರುವುದಿಲ್ಲ.

ಹಾಗಾಗಿ ಮೊದಲು ಮಾಡಬೇಕಾದದ್ದು, ವರ್ಷದಲ್ಲಿ ಬಂದ ಹಣವನ್ನು ಯಾವುದು ಯಾತಕ್ಕೆ ಬಂತು ಅಂತ ಬೇರೆ ಬೇರೆ ಬರೆದುಕೊಳ್ಳುವುದು.

ಏನನ್ನೂ ವಾಪಸ್ ಬಯಸದೆ ಕೊಟ್ಟ ದಾನಕ್ಕೆ ಜಿಎಸ್‌ಟಿ ಇಲ್ಲ. ದಾನಿಯ ಹೆಸರಿನ ಫಲಕ ಹಾಕಿದರೆ? 2019ರ ಅಕ್ಟೋಬರ್ 11ರ 116ನೇ ಜಿಎಸ್‌ಟಿ ಸುತ್ತೋಲೆಯಲ್ಲಿ ಉತ್ತರವಿದೆ. 'ತಾಯಿಯ ನೆನಪಿಗಾಗಿ ಇಂಥವರು ಕೊಟ್ಟದ್ದು' ಎಂಬಂಥ ಫಲಕ ಕೃತಜ್ಞತೆ, ಅದಕ್ಕೆ ತೆರಿಗೆ ಇಲ್ಲ. ಅದೇ ಹಣಕ್ಕೆ ಬದಲಾಗಿ ಕಂಪನಿಯ ವ್ಯಾಪಾರವನ್ನು ಪ್ರಚಾರ ಮಾಡುವ ಬ್ಯಾನರ್ ಕಟ್ಟಿದಿರೋ, ಅದು ಜಾಹೀರಾತು, ಅದಕ್ಕೆ ತೆರಿಗೆ ಬರುತ್ತದೆ. ಪತ್ರದಲ್ಲಿ 'ಪ್ರಾಯೋಜಕತ್ವ' ಎಂದು ಸುಮ್ನೆ ಬರೆಯಬೇಡಿ, ದಾನವಾದರೆ ದಾನ ಎಂದೇ ಬರೆಸಿಕೊಳ್ಳಿ.

ಮಕ್ಕಳು ಮಾಡಿದ ಮೇಣದ ಬತ್ತಿ, ಶುಭಾಶಯ ಪತ್ರದ ಮಾರಾಟ, ಸಭಾಂಗಣದ ಬಾಡಿಗೆ, ಇವಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಹಾಗಂತ ಹೆದರಬೇಡಿ. ಕರ್ನಾಟಕದಲ್ಲಿ ಸೇವೆಗಳಿದ್ದರೆ ವರ್ಷಕ್ಕೆ 20 ಲಕ್ಷ, ಬರೀ ಸರಕು ಮಾರುವುದಾದರೆ ಸಾಮಾನ್ಯವಾಗಿ 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಈ ಮೊತ್ತಕ್ಕೆ ವಿನಾಯಿತಿ ಇರುವ ಸೇವೆಯ ಹಣವೂ ಸೇರುತ್ತದೆ. ಅನಾಥ ಮಕ್ಕಳ ತರಬೇತಿಗೆ ಬಂದ ಶುಲ್ಕ 16 ಲಕ್ಷ, ಹಾಲ್ ಬಾಡಿಗೆ 6 ಲಕ್ಷ ಅಂತಿಟ್ಟುಕೊಳ್ಳಿ. ಒಟ್ಟು 22 ಲಕ್ಷ, ನೋಂದಣಿ ಮಾಡಿಸಲೇಬೇಕು. ತೆರಿಗೆ ಬರುವುದು ಮಾತ್ರ ಹಾಲ್ ಬಾಡಿಗೆಗೆ, ತರಬೇತಿ ಶುಲ್ಕಕ್ಕಲ್ಲ. ದಾನ ಈ ಲೆಕ್ಕಕ್ಕೆ ಸೇರುವುದಿಲ್ಲ. ವಿನಾಯಿತಿ ಇರುವ ಕೆಲಸ ಬಿಟ್ಟು ಬೇರೇನೂ ಇಲ್ಲದವರಿಗೆ, ಮೊತ್ತ ಎಷ್ಟಾದರೂ ಸಾಮಾನ್ಯವಾಗಿ ನೋಂದಣಿ ಬೇಡ.

ಇನ್ನು ಖರೀದಿ. ವಿನಾಯಿತಿ ಇರುವ ಕೆಲಸಕ್ಕೆ ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ್ದನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಕೂಡ ಸಿಗುವುದಿಲ್ಲ, ಹಾಗಾಗಿ ಎಲ್ಲರಿಗೂ ತೆರಿಗೆ ಇಲ್ಲದ ಸಾಮಾನು ಯಾವುದೆಂದು ತಿಳಿದಿರಬೇಕು. 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ ಶೇ 5 ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಮೂಟೆಗೆ ಇಲ್ಲ. ಅಂಗಡಿಗಳಲ್ಲಿ 26 ಕೆಜಿ ಮೂಟೆ ಕಾಣುವುದು ಇದಕ್ಕೇ. ನಲವತ್ತು ಮಕ್ಕಳ ಅಡುಗೆಮನೆಗೆ ಅದೇ ಸರಿ. 2025ರ ಸೆಪ್ಟೆಂಬರ್ 22ರಿಂದ ನೋಟ್ ಪುಸ್ತಕ, ಪೆನ್ಸಿಲ್, ರಬ್ಬರ್, ಶಾರ್ಪನರ್, ಕ್ರೇಯಾನ್‌ಗೂ ತೆರಿಗೆ ಇಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ರಾಶಿ ಪುಸ್ತಕ ಕೊಳ್ಳುತ್ತೀರಲ್ಲ, ಆಗ ಬಿಲ್ಲಿನ ಪ್ರತಿ ಸಾಲು ಓದಿ. ಅಂಗಡಿಯವರು ಹಳೇ ಸ್ಟಾಕ್ ಅಂದರೂ ಒಪ್ಪಬೇಡಿ, ಮಾರುವ ದಿನದ ದರವೇ ಲೆಕ್ಕ.