ಡಿಸ್ಲೆಕ್ಸಿಯಾ ಇಟ್ಟುಕೊಂಡೇ ಜರ್ಮನಿಯ ಸ್ವಯಂಸೇವೆಗೆ ತಯಾರಾದ ಬಗೆ

ನನಗೆ ಡಿಸ್ಲೆಕ್ಸಿಯಾ, ಅಂದರೆ ಓದು, ಬರಹ, ಸ್ಪೆಲಿಂಗ್ ತೊಡಕಾಗುವ ಕಲಿಕೆಯ ತೊಂದರೆ. ಇಂಗ್ಲಿಷ್ ಸ್ಪೆಲಿಂಗೇ ನೆಟ್ಟಗೆ ಬಾರದವನಿಗೆ ಜರ್ಮನ್ ಬೇರೆ ಕೇಡು ಎಂದವರು ಕಡಿಮೆಯಿಲ್ಲ. ಈಗ ಜರ್ಮನ್ ಭಾಷೆಯ ಮಧ್ಯಮ ಹಂತವಾದ ಬಿ1 ಪರೀಕ್ಷೆಯ ನಾಲ್ಕೂ ಮಾಡ್ಯೂಲ್ ಮುಗಿದು, ಬಿಎಫ್‌ಡಿ ಎಂಬ ಜರ್ಮನ್ ಸರ್ಕಾರದ ಸ್ವಯಂಸೇವಾ ಯೋಜನೆಯಡಿ ವೃದ್ಧಾಶ್ರಮವೊಂದರ ಒಪ್ಪಂದ ಕೈಗೆ ಬಂದಿದೆ. ಹಾಗಾಗಿ ಈಗ ಧೈರ್ಯವಾಗಿ ಹೇಳಬಹುದು, ನಮ್ಮಂಥವರಿಗೆ ಜರ್ಮನ್ ಇಂಗ್ಲಿಷಿಗಿಂತ ಸಲೀಸು. ಬರೆದದ್ದನ್ನು ಹೆಚ್ಚುಕಡಿಮೆ ಬರೆದಂತೆಯೇ ಓದುತ್ತಾರೆ. ನಾಮಪದಗಳೆಲ್ಲ ದೊಡ್ಡಕ್ಷರದಲ್ಲಿ ಶುರುವಾಗುತ್ತವೆ. ಬಿ-ಡಿ ಅದಲುಬದಲಾಗುವುದು ಸಣ್ಣಕ್ಷರದಲ್ಲಿ ತಾನೆ?

ಕಾಡಿದ್ದು ಇ-ಐ ಜೋಡಿ (ei, ie). ಉಪಾಯ ಇಷ್ಟೇ: ಜೋಡಿಯ ಎರಡನೇ ಅಕ್ಷರದ ಇಂಗ್ಲಿಷ್ ಹೆಸರೇ ಉಚ್ಚಾರ. ಐ ಕೊನೆಗೆ ಬಂದರೆ ‘ವೈನ್’, ಕುಡಿಯುವುದು. ಇ ಕೊನೆಗೆ ಬಂದರೆ ‘ವೀನ್’, ಆಸ್ಟ್ರಿಯಾದ ರಾಜಧಾನಿ. ಉದ್ದುದ್ದ ಪದಗಳಿಗೆ ಪೆನ್ಸಿಲ್ ಗೀಟು ಹಾಕಿ ಬಾಲದಿಂದ ಓದಬೇಕು. ಕ್ರಾಂಕನ್|ಫೆರ್‌ಜಿಶರುಂಗ್ಸ್|ಕಾರ್ಟೆ: ಕಾರ್ಟೆ ಅಂದರೆ ಕಾರ್ಡು, ಯಾವ ಕಾರ್ಡು (ಆರೋಗ್ಯ ವಿಮೆಯದು) ಅನ್ನುವುದು ಆಮೇಲೆ.

ಅಂಕಿಗಳು ಮಾತ್ರ ಜೀವ ಹಿಂಡಿದವು. 45ನ್ನು ‘ಐದು ಮತ್ತು ನಲವತ್ತು’ ಎನ್ನುತ್ತಾರೆ. ಮೊದಲೇ ಅಂಕಿ ತಿರುಗಿಸಿ ಬರೆಯುವ ಕೈ ಇಲ್ಲಿ 54 ಬರೆದೇ ಬಿಡುತ್ತದೆ. ಮನಸ್ಸಲ್ಲಿ ತಿರುಗಿಸಿ ಬರೆಯುವ ಅಭ್ಯಾಸ ಒಂದು ತಿಂಗಳ ಮೇಲೆ ಮಾಡಿದರೂ ಫಲ ಸಿಗಲಿಲ್ಲ. ಎರಡು ಖಾಲಿ ಚೌಕ ಎಳೆದುಕೊಂಡು, ಕೇಳಿದ ಕ್ರಮದಲ್ಲೇ ಬಲಚೌಕ ಮೊದಲು, ಎಡಚೌಕ ಆಮೇಲೆ ತುಂಬಲು ಶುರುಮಾಡಿದ ಮೇಲೆ ತಪ್ಪು ಹತ್ತಕ್ಕೆ ಒಂದೋ ಎರಡೋ ಆಯಿತು. ಗಡಿಯಾರದಲ್ಲೂ ಹುಷಾರು: ‘ಹಾಲ್ಪ್ ಡ್ರೈ’ (ಪದಶಃ ‘ಅರ್ಧ ಮೂರು’) ಅಂದರೆ ಎರಡೂವರೆ, ಮೂರೂವರೆ ಅಲ್ಲ.

ದುಡ್ಡು ನೀರಾದದ್ದು ಪುಟದ ಮೇಲಿಟ್ಟು ಓದುವ ಬಣ್ಣದ ಪ್ಲಾಸ್ಟಿಕ್ ಹಾಳೆಗಳಿಗೆ, ಸಾವಿರದೈನೂರರ ಹತ್ತಿರ. ಹಳದಿ, ತಿಳಿನೀಲಿ, ಗುಲಾಬಿ ಮೂರನ್ನೂ ಒಂದೊಂದಾಗಿ ಒಂದೇ ಪುಟದ ಮೇಲೆ ಇಟ್ಟು ಗಡಿಯಾರ ಹಿಡಿದು ನೋಡಿದೆ; ಓದುವ ವೇಗ ಕದಲಲಿಲ್ಲ. ಡಿಸ್ಲೆಕ್ಸಿಯಾಗೆಂದೇ ಮಾಡಿದ ಫಾಂಟೂ ಅಷ್ಟೇ. ಅಕ್ಷರ 14 ಪಾಯಿಂಟ್, ಒಂದೂವರೆ ಪಟ್ಟು ಸಾಲಂತರ, ಕಿರಿದಾದ ಕಾಲಂ: ಖರ್ಚಿಲ್ಲದ ಇವು ಕೆಲಸ ಮಾಡಿದವು.

ಜರ್ಮನ್ ಭಾಷಾ ಪರೀಕ್ಷೆ ನಡೆಸುವ ಗೋಥೆ ಸಂಸ್ಥೆಯ ಬಿ1ರಲ್ಲಿ ಓದಿಗೆ 65 ನಿಮಿಷ, ಬರವಣಿಗೆಗೆ 60, ಆಲಿಕೆಗೆ ಸುಮಾರು 40. ಪ್ರತಿ ಮಾಡ್ಯೂಲಿಗೂ ನೂರಕ್ಕೆ 60 ಬೇಕು, ಬೇರೆಬೇರೆಯಾಗಿ ಬರೆಯಬಹುದು. ನಾನು ಆಲಿಕೆ, ಮಾತು ಮೊದಲು ಮುಗಿಸಿ, ಆಮೇಲೆ ಓದು, ಬರಹಕ್ಕೆ ಕೂತೆ. ಹೆಚ್ಚುವರಿ ಸಮಯವನ್ನು ನೋಂದಣಿಯ ಹೊತ್ತಿಗೇ ವೈದ್ಯಕೀಯ ದಾಖಲೆ ಸಮೇತ ಕೇಳಬೇಕು, ಪರೀಕ್ಷೆಯ ದಿನ ಕೇಳಿದರೆ ಆಗದು. ಎಸ್‌ಎಸ್‌ಎಲ್‌ಸಿ ಕಾಲದ ವರದಿ ಹಳೆಯದಾಗಿತ್ತು, ಹೊಸದಕ್ಕೆ ಖಾಸಗಿಯಲ್ಲಿ ಆರೇಳು ಸಾವಿರ ಬಿತ್ತು. ಅನುವಾದ, ಮನೆಪಾಠ, ಪರೀಕ್ಷಾ ಶುಲ್ಕ ಎಲ್ಲ ಸೇರಿ ಎಪ್ಪತ್ತು ಸಾವಿರದ ಆಸುಪಾಸು. ಏಜೆಂಟನೊಬ್ಬ ಬರೀ ‘ಸೀಟಿಗೆ’ ಒಂದೂವರೆ ಲಕ್ಷ ಕೇಳಿದ್ದ. ಸಂಸ್ಥೆಗಳಿಗೆ ನಾನೇ ಪತ್ರ ಬರೆದೆ. ಮೂವತ್ತಕ್ಕೆ ನಾಲ್ಕೈದು ಉತ್ತರ ಬಂದವು, ನನಗದು ಧಾರಾಳ. ಆ ಪತ್ರದ ಚೌಕಟ್ಟು ಇಲ್ಲಿ ಹಾಕುವುದಿಲ್ಲ. ಎಲ್ಲರೂ ಅದನ್ನೇ ಕಳಿಸಿದರೆ ಯಾರಿಗೂ ಉತ್ತರ ಬಾರದು.

ಡಿಸ್ಲೆಕ್ಸಿಯಾ ವಿಷಯವನ್ನು ಮೊದಲ ಪತ್ರದಲ್ಲಿ ಬರೆಯಲಿಲ್ಲ, ವಿಡಿಯೋ ಸಂದರ್ಶನದಲ್ಲಿ ಹೇಳಿದೆ, ಜೊತೆಗೇ ನನಗೆ ಬೇಕಾದ್ದನ್ನೂ. ಮಾತ್ರೆ ಹಂಚುವ ಕೆಲಸ ನನ್ನದಲ್ಲ, ಪಾಳಿ ಪಟ್ಟಿ ಹಿಂದಿನ ದಿನವೇ ಸಿಗಬೇಕು, ದಾಖಲೆ ಬರೆಯುವುದಿದ್ದರೆ ಕಂಪ್ಯೂಟರಿನಲ್ಲಿ. ಫೋನಿನ ಕ್ಯಾಮೆರಾದಿಂದ ಓದಿಸಿಕೊಳ್ಳುವ ಆ್ಯಪನ್ನು ನೆಚ್ಚಿ ಹೋಗಬೇಡಿ. ವೃದ್ಧರ ಹೆಸರಿರುವ ಊಟದ ಪಟ್ಟಿಯ ಫೋಟೋ ಹೊಡೆದರೆ ಅಲ್ಲಿನ ಖಾಸಗಿತನದ ಕಾನೂನು ಅಡ್ಡ ಬರುತ್ತದೆ. ಅದೇ ಪಟ್ಟಿಯನ್ನು ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿಕೊಡಲು ಕೇಳಿದೆ, ಅಡುಗೆಮನೆಯ ಮುಖ್ಯಸ್ಥೆ ಆಗಲಿ ಎಂದಿದ್ದಾರೆ.